‘ನಮ್ಮ ವಂಶದಲ್ಲೇ ಇದೆ ಮೇಡಂ’: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಮಕ್ಕಳ ಆರೋಗ್ಯದ ಮಾತು ಬಂದಾಗ ನಿಮ್ಮಲ್ಲಿ ಹಲವರು ನನಗೆ ಹೇಳುವುದು ಒಂದೇ: ‘ಅವರ ತಾತನಿಗೆ ಶುಗರ್ ಇತ್ತು, ಅಪ್ಪನಿಗೂ ಇದೆ. ಇನ್ನು ಇವನಿಗೆ ಬರದೆ ಇರುತ್ತಾ?’ ಈ ಮಾತಿನಲ್ಲಿ ಅರ್ಧ ನಿಜ ಇದೆ. ಅಪ್ಪ ಅಮ್ಮನಿಂದ ಬಂದ ಜೀನ್‌ಗಳನ್ನು ಯಾರೂ ವಾಪಸ್ ಕೊಡಲಾಗದು. ಆದರೆ ಮಗುವಿನ ಆರೋಗ್ಯವನ್ನು ಹಣೆಬರಹಕ್ಕೆ ಬಿಟ್ಟು ಕೈಚೆಲ್ಲಿ ಕೂರುವುದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಹತ್ತನೇ ತರಗತಿಯ ವಿಜ್ಞಾನದಲ್ಲಿ ನಿಮ್ಮ ಮಕ್ಕಳು ಮೆಂಡಲನ ಬಟಾಣಿ ಗಿಡದ ಪಾಠ ಓದುತ್ತಾರೆ. ಯಾವ ಗುಣ ಯಾರಿಂದ ಬಂತು ಅನ್ನುವುದು ಆ ಪಾಠ. ಬಂದ ಜೀನ್ ಕೆಲಸ ಮಾಡುತ್ತದೋ ಸುಮ್ಮನಿರುತ್ತದೋ ಅನ್ನುವುದು ಬೇರೆಯೇ ಪ್ರಶ್ನೆ. ನಮ್ಮ ಕಣ್ಣಿನ ಕೋಶದಲ್ಲೂ ಲಿವರ್‌ನ ಕೋಶದಲ್ಲೂ ಇರುವುದು ಅದೇ ಸುಮಾರು 20,000 ಜೀನ್. ಮನೆಯಲ್ಲಿ ರಾಗಿ, ಅವರೆ, ಹುಚ್ಚೆಳ್ಳು ಎಲ್ಲದರ ಬೀಜ ಇದ್ದರೂ ಹೊಲದಲ್ಲಿ ಬಿತ್ತಿದ್ದಷ್ಟೇ ಮೊಳೆಯುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ಜೀನ್‌ಗಳನ್ನು ಅಕ್ಷರಗಳಂತೆ ಬರೆದಿಟ್ಟಿರುವ ಉದ್ದನೆಯ ಎಳೆಗೆ ಡಿಎನ್‌ಎ ಅಂತ ಹೆಸರು. ಅದರ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಕೂತರೆ ಸಾಮಾನ್ಯವಾಗಿ ಆ ಜೀನ್ ತಣ್ಣಗಾಗುತ್ತದೆ. ಗುರುತು ಹೋದರೆ ಅದು ಕೆಲಸಕ್ಕೆ ಇಳಿಯಬಹುದು. ಡಿಎನ್‌ಎಯ ಅಕ್ಷರಗಳು ಬದಲಾಗುವುದಿಲ್ಲ, ಮೇಲಿನ ಗುರುತು ಬದಲಾಗುತ್ತದೆ. ನಾವು ತಿನ್ನುವುದು, ಓಡಾಡುವುದು, ನಿದ್ದೆ ಮಾಡುವುದು, ಸೇದುವುದು ಎಲ್ಲವೂ ಈ ಗುರುತುಗಳನ್ನು ಮುಟ್ಟುತ್ತವೆ.

ಆಟದ ಪೀರಿಯಡ್ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕಂದರೆ ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಂತೆ ಅದನ್ನು ಗಣಿತಕ್ಕೆ ಕೊಡಿ ಅಂತ ಕೇಳುವವರು ಜಾಸ್ತಿಯಾಗುತ್ತಾರೆ. ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 23 ಜನರಿಗೆ ಒಂದೇ ಕಾಲಿನಲ್ಲಿ ಪೆಡಲ್ ತುಳಿಯಲು ಹೇಳಿದ್ದರು. ದಿನಕ್ಕೆ 45 ನಿಮಿಷ, ವಾರಕ್ಕೆ ನಾಲ್ಕು ಸಲ, ಮೂರು ತಿಂಗಳು. ಇನ್ನೊಂದು ಕಾಲಿಗೆ ವಿಶ್ರಾಂತಿ. ಆಮೇಲೆ ಎರಡೂ ಕಾಲಿನ ಸ್ನಾಯುವಿನ ಚೂರು ತೆಗೆದು ನೋಡಿದರೆ, ತುಳಿದ ಕಾಲಿನಲ್ಲಿ ಸಾವಿರಾರು ಕಡೆ ಮೀಥೈಲ್ ಗುರುತು ಬದಲಾಗಿತ್ತು. ಸಕ್ಕರೆ ಬಳಕೆಗೆ, ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳು ಅವುಗಳಲ್ಲಿದ್ದವು. ಎರಡೂ ಕಾಲು ಒಂದೇ ಮನುಷ್ಯನದ್ದು. ಅದೇ ವಂಶ, ಅದೇ ಊಟ, ಅದೇ ನಿದ್ದೆ. ಬೇರೆಯಾಗಿದ್ದು ವ್ಯಾಯಾಮ ಒಂದೇ. ಮಕ್ಕಳಿಗೆ ದಿನಕ್ಕೆ ಕನಿಷ್ಠ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಆಟದ ಪೀರಿಯಡ್ ಅನ್ನು ಯಾವ ವಿಷಯಕ್ಕೂ ಬಿಟ್ಟುಕೊಡುವುದಿಲ್ಲ. ದಯವಿಟ್ಟು ಕೇಳಬೇಡಿ.

ನಿದ್ದೆಯ ಬಗ್ಗೆಯೂ ಒಂದು ಮಾತು. ಮೊದಲ ಪೀರಿಯಡ್‌ನಲ್ಲೇ ಡೆಸ್ಕಿಗೆ ತಲೆ ಕೊಡುವ ಮಕ್ಕಳನ್ನು ಈಗ ದಿನಾ ನೋಡುತ್ತೇವೆ. ಕೇಳಿದರೆ ರಾತ್ರಿ ಹನ್ನೆರಡರವರೆಗೆ ಮೊಬೈಲ್. 2013ರಲ್ಲಿ ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 26 ವಯಸ್ಕರನ್ನು ಒಂದೇ ಒಂದು ವಾರ ರಾತ್ರಿಗೆ ಆರು ಗಂಟೆಗಿಂತ ಕಡಿಮೆ ಮಲಗಿಸಿ ನೋಡಿದರು. ರಕ್ತದಲ್ಲಿ 711 ಜೀನ್‌ಗಳ ಕೆಲಸ ಏರುಪೇರಾಗಿತ್ತು. ಹೈಸ್ಕೂಲು ಮಕ್ಕಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಒಂಬತ್ತೂವರೆಗೆ ಮನೆಯ ಎಲ್ಲ ಫೋನೂ, ನಿಮ್ಮದೂ ಸೇರಿ, ಹಾಲ್‌ನಲ್ಲೇ ಚಾರ್ಜಿಗೆ ಹೋಗಲಿ.

ಇನ್ನು ಹೆಣ್ಣುಮಕ್ಕಳ ವಿಷಯ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ಇಲ್ಲೇ.

ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. ಕೆಲವು ಹುಡುಗಿಯರು ಅದನ್ನು ನಾಲಿಗೆ ಕೆಳಗೆ ಇಟ್ಟುಕೊಂಡು, ಟೀಚರ್ ಆಚೆ ತಿರುಗಿದ ತಕ್ಷಣ ನಲ್ಲಿ ಹತ್ತಿರ ಹೋಗಿ ಉಗುಳುತ್ತಾರೆ. ನಲ್ಲಿಕಟ್ಟೆಯ ಮೇಲೆ ನೀಲಿ ಕಲೆ ಎದ್ದು ಕಾಣುತ್ತದೆ. ಹೊಟ್ಟೆ ತೊಳಸುತ್ತೆ, ಕಪ್ಪಗೆ ಬೇಧಿಯಾಗುತ್ತೆ ಅಂತ ಅವರಿಗೆ ಭಯ. ಮಲ ಕಪ್ಪಗಾಗುವುದು ಕಬ್ಬಿಣದಿಂದಲೇ, ಹೆದರುವಂಥದ್ದಲ್ಲ. ಹೊಟ್ಟೆ ತುಂಬ ಊಟ ಮಾಡಿ ತೆಗೆದುಕೊಂಡರೆ ತೊಳಸುವುದೂ ಕಡಿಮೆ. ಅದರ ಹಿಂದೆ ಮುಂದೆ ಒಂದು ಗಂಟೆ ಟೀ ಬೇಡ, ಟೀ ಕಬ್ಬಿಣವನ್ನು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಆ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇದೆ. ಡಿಎನ್‌ಎ ಮೇಲೆ ಕೂರುವ ಮೀಥೈಲ್ ಗುರುತು ತಯಾರಾಗಲು ದೇಹಕ್ಕೆ ಫೋಲೇಟ್ ಮತ್ತು ಬಿ12 ಎರಡೂ ಬೇಕು. ಸೊಪ್ಪು, ಕಾಳಿನಲ್ಲಿ ಮೊದಲನೆಯದು ಸಿಗುತ್ತದೆ. ಬಿ12 ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ. ‘ಹುಡುಗಿ ದಪ್ಪ ಆಗ್ತಾಳೆ’ ಅಂತ ಮೊಟ್ಟೆ, ಹಾಲು ನಿಲ್ಲಿಸಬೇಡಿ.

ಹುಡುಗಿಯರ ಊಟದ ಮಾತು ಅವರ ಮುಂದಿನ ಮಕ್ಕಳವರೆಗೂ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ, ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಎಷ್ಟೋ ವರ್ಷಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, ದೊಡ್ಡವರಾದ ಆ ಮಕ್ಕಳನ್ನು ಹುಡುಕಿದರು. 1996ರಲ್ಲಿ ಫಲಿತಾಂಶ ಬಂತು: ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು. ಜೀನ್‌ಗೂ ಇದಕ್ಕೂ ಏನು ನಂಟು ಅಂತ ಕೇಳಬಹುದು. ಅದರ ಸುಳಿವು ನೆದರ್ಲೆಂಡ್ಸ್‌ನಿಂದ ಸಿಕ್ಕಿತು. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ, ಅಲ್ಲಿ ಊಟಕ್ಕಿಲ್ಲದ ಭೀಕರ ಕ್ಷಾಮ. ಆಗ ತಾಯಿಯ ಹೊಟ್ಟೆಯಲ್ಲಿ ಆಗಷ್ಟೇ ರೂಪ ತಳೆಯುತ್ತಿದ್ದವರ ರಕ್ತವನ್ನು ಸುಮಾರು ಅರವತ್ತು ವರ್ಷದ ನಂತರ ಪರೀಕ್ಷಿಸಿದರು. ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಎಂಬ ಜೀನ್ ಮೇಲೆ ಮೀಥೈಲ್ ಗುರುತು, ಆ ಕ್ಷಾಮಕ್ಕೆ ಹೊಟ್ಟೆಯಲ್ಲಿ ಸಿಗದ ಅವರ ಒಡಹುಟ್ಟಿದವರಿಗಿಂತ ಕಡಿಮೆ ಇತ್ತು. ಹಸಿವಿನ ಗುರುತು ಅಷ್ಟು ಕಾಲ ಉಳಿದಿತ್ತು. ನಮ್ಮ ಹುಡುಗಿಯರು ಈಗ ಸರಿಯಾಗಿ ಉಂಡರೆ, ಮುಂದೆ ತಾಯಂದಿರಾದಾಗ ಆ ಮಕ್ಕಳಿಗೂ ಒಳ್ಳೆಯದು. ಆಗದಿದ್ದರೂ ರಕ್ತ ಅವರದ್ದು, ಓದಬೇಕಾದ ತಲೆ ಅವರದ್ದು. ಇವತ್ತಿನ ಅವರ ಸುಸ್ತನ್ನು ಮೊದಲು ನೋಡೋಣ.

ಅಪ್ಪಂದಿರಿಗೆ: ಸಿಗರೇಟು ಎಎಚ್‌ಆರ್‌ಆರ್ ಎಂಬ ಜೀನ್ ಮೇಲೆ ಎಷ್ಟು ಸ್ಪಷ್ಟ ಗುರುತು ಬಿಡುತ್ತದೆಂದರೆ, ಯಾರು ಸೇದುತ್ತಾರೆ ಅನ್ನುವುದನ್ನು ರಕ್ತ ನೋಡಿಯೇ ಊಹಿಸಬಹುದು. ಬಿಟ್ಟರೆ ಆ ಗುರುತು ವರ್ಷಗಳಲ್ಲಿ ಮೆಲ್ಲಗೆ ಮಾಸುತ್ತದೆ. ಗೇಟಿನ ಹತ್ತಿರ ಮಕ್ಕಳನ್ನು ಕಾಯುತ್ತಾ ಬೀಡಿ ಹಚ್ಚುವುದನ್ನಾದರೂ ಇವತ್ತೇ ನಿಲ್ಲಿಸಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ‘ಡಿಎನ್‌ಎ ಸರಿಪಡಿಸುವ’ ಪುಡಿ, ಕಷಾಯದ ಜಾಹೀರಾತು ಬಂದರೆ ನಂಬಬೇಡಿ, ಸುಮ್ನೆ ದುಡ್ಡು ದಂಡ. ಹಾಗೆಯೇ ಎಲ್ಲ ಕಾಯಿಲೆಯೂ ಅಭ್ಯಾಸದಿಂದ ಬರುವುದಿಲ್ಲ. ಚಿಕ್ಕಂದಿನಲ್ಲೇ ಇನ್ಸುಲಿನ್ ಬೇಕಾಗುವ ಟೈಪ್ 1 ಡಯಾಬಿಟಿಸ್ ಸಿಹಿ ತಿಂದಿದ್ದಕ್ಕೆ ಬಂದದ್ದಲ್ಲ. ಅಂಥ ಮಗುವಿಗೋ ತಾಯಿಗೋ ‘ನೀವೇ ಮಾಡಿಕೊಂಡಿದ್ದು’ ಅಂತ ಯಾರೂ ಹೇಳಬಾರದು. ನಮ್ಮ ಶಾಲೆಯಲ್ಲಿ ಅದಕ್ಕೆ ಜಾಗವಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಪೋಷಕರ ಸಭೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬರುತ್ತಾರೆ, ಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆ ಅಂದೇ. ಮನೆಯಲ್ಲಿ ಯಾರಿಗಾದರೂ ಶುಗರ್, ಬಿಪಿ, ಹೃದಯದ ತೊಂದರೆ ಇದ್ದರೆ ಒಂದು ಚೀಟಿಯಲ್ಲಿ ಬರೆದು ತನ್ನಿ. ಬೆಳಗಿನ ತಿಂಡಿ ತಿನ್ನಿಸಿಯೇ ಮಕ್ಕಳನ್ನು ಕಳಿಸಿ, ಈ ಪರೀಕ್ಷೆಗೆ ಉಪವಾಸ ಬೇಕಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ