ಚಂಡಮಾರುತ ದಡ ದಾಟಿದ ಮೇಲಿನ ಸುದ್ದಿಯೂ ಬೇಕು

ಮಾನ್ಯ ಸಂಪಾದಕರೇ,

ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ದಿನವೂ ಮುಖಪುಟದ ಸುದ್ದಿ. ದಡ ದಾಟಿ ‘ದುರ್ಬಲಗೊಂಡಿತು’ ಎಂದ ಮರುದಿನದಿಂದ ಸುದ್ದಿ ನಿಂತುಹೋಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಗೆ ಎಷ್ಟೋ ಸಲ ಮಳೆ ಹಿಡಿಯುವುದೇ ಆಗ.

ವಾಯುಭಾರ ಕುಸಿತ, ಚಂಡಮಾರುತ ಎಂಬ ದರ್ಜೆಗಳು ಗಾಳಿಯ ವೇಗದ ಲೆಕ್ಕ. ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, ಹೆಸರು ಸಿಗುವುದೂ ಆಗಲೇ. ಮಳೆ ಎಷ್ಟು ಬರುತ್ತದೆ ಎಂಬುದನ್ನು ಆ ದರ್ಜೆ ಹೇಳುವುದಿಲ್ಲ. ನೆಲಕ್ಕೆ ಬಂದೊಡನೆ ಗಾಳಿ ಕುಗ್ಗಿದರೂ ಮೇಲಿನ ಸುಳಿ ಒಂದೆರಡು ದಿನ ಉಳಿದು ಕಡಲಿನ ತೇವ ಎಳೆಯುತ್ತಿರುತ್ತದೆ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಹಾಗೆಯೇ ಮಾಡಿತು. ಕಡಲಿನಿಂದ ಸುಮಾರು 140 ಕಿ.ಮೀ. ಒಳಗಿನ ಊತಂಗರೈಯಲ್ಲಿ ಡಿಸೆಂಬರ್ 2ರ ಬೆಳಗಿನವರೆಗಿನ 24 ಗಂಟೆಗಳಲ್ಲಿ 50 ಸೆಂ.ಮೀ. ಸುರಿಯಿತು. ಆ ಊರಿರುವ ಕೃಷ್ಣಗಿರಿ ಜಿಲ್ಲೆ ನಮ್ಮ ಗಡಿಗೆ ಹೊಂದಿಕೊಂಡಿದೆ. ಉಳಿದ ಸುಳಿ ದಕ್ಷಿಣ ಒಳನಾಡು, ಕರಾವಳಿಗಳಲ್ಲೂ ಮಳೆ ತಂದು ಅರಬ್ಬೀ ಸಮುದ್ರ ಸೇರಿತು.

ದಾರಿ ಬದಲಾದರೆ ಕಥೆಯೇ ಬೇರೆ. 2023ರ ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲ ಬಳಿ ದಡ ಸೇರಿದ ಮಿಚಾಂಗ್ ಫೆಂಗಲ್‌ಗಿಂತ ಬಲವಾಗಿತ್ತು, ಚೆನ್ನೈಯನ್ನು ಮುಳುಗಿಸಿತು. ಬೆಂಗಳೂರು, ಕೋಲಾರದಲ್ಲಿ ದೊಡ್ಡ ಮಳೆಯಾಗಲಿಲ್ಲ. ಸುಳಿಯ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಸುಳಿ ನಮ್ಮ ಈಶಾನ್ಯಕ್ಕಿದ್ದರೆ ನಮಗೆ ಬರುವುದು ದಖ್ಖನ್ ನೆಲದ ಮೇಲಿನ ಒಣ ವಾಯವ್ಯ ಗಾಳಿ. ಸುಳಿ ದಕ್ಷಿಣಕ್ಕೆ ಬಂದರೆ ಕೊಲ್ಲಿಯ ಮೂಡಣ ಗಾಳಿ, ಮಳೆ.

ಈ ಚಂಡಮಾರುತಗಳು ಬರುವ ನವೆಂಬರ್, ಡಿಸೆಂಬರ್ ರಾಗಿ ಕೊಯ್ಲಿನ ಕಾಲ. ಕೊಯ್ದು ಹೊಲದಲ್ಲೇ ಬಿಟ್ಟ ರಾಗಿಗೆ ‘ಭಾರಿ ಮಳೆ’, ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಹೆಚ್ಚು, ಬರಬೇಕಾಗಿಲ್ಲ. ಬಿಡದೆ ಹಿಡಿದ ಸೋನೆ ಸಾಕು, ತೆನೆಯಲ್ಲೇ ಮೊಳಕೆ ಬರುತ್ತದೆ, ಹುಲ್ಲು ಕಪ್ಪಾಗುತ್ತದೆ. ಹಸಿ ಇದ್ದಾಗ ಮೆದೆ ಒಟ್ಟಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. 2021ರ ನವೆಂಬರ್‌ನಲ್ಲಿ ರಾಗಿ ಹಾಳು ಮಾಡಿದ ಮಳೆಯ ಹಿಂದೆ ಇದ್ದದ್ದು ಚೆನ್ನೈ ಸುತ್ತಮುತ್ತ ದಡ ದಾಟಿದ, ಹೆಸರೇ ಇಲ್ಲದ ವಾಯುಭಾರ ಕುಸಿತಗಳು. ಎರಡು ದಿನ ಮೊದಲೇ ಗೊತ್ತಾದರೆ ಕೊಯ್ಲು ತಡೆಹಿಡಿಯಬಹುದು, ಕೊಯ್ದದ್ದು ಒಣಗಿದ್ದರೆ ಮೆದೆ ಒಟ್ಟಿ ಟಾರ್ಪಾಲ್ ಹೊದಿಸಬಹುದು.

ದಡ ದಾಟಿದ ಮೇಲೂ ಮೂರು ದಿನ ಸುಳಿಯ ದಾರಿಯ ನಕ್ಷೆ, ಗಾಳಿಯ ದಿಕ್ಕು, ಜಿಲ್ಲಾವಾರು ಮಳೆ ಮುನ್ಸೂಚನೆಯನ್ನು ಮಿಲಿಮೀಟರ್‌ ಲೆಕ್ಕದಲ್ಲಿ ದಯವಿಟ್ಟು ಪ್ರಕಟಿಸಿ. ಹವಾಮಾನ ಇಲಾಖೆಯ ಪ್ರಕಟಣೆಗಳಲ್ಲಿ ಈ ಮಾಹಿತಿ ಬಹುಮಟ್ಟಿಗೆ ಸಿಗುತ್ತದೆ.

– ಓದುಗ, ಚಿಂತಾಮಣಿ