ಸರ್ವಿಸ್ ದಾಖಲೆ ಇಲ್ಲದ ಹಳೆಯ ಸ್ಪೋರ್ಟ್ಸ್ ಕಾರು: ಕೇಳಬೇಕಾದ ಕಾಗದವೇ ಬೇರೆ

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರಿಗೆ ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಸರ್ವಿಸ್ ದಾಖಲೆ ಇಲ್ಲದ ಗಾಡಿಯನ್ನು ನೋಡಲೂ ಹೋಗಬಾರದು ಎಂಬುದಾಗಿತ್ತು. ಏಳೆಂಟು ವರ್ಷದ ಗಾಡಿಯ ಮಟ್ಟಿಗೆ ಇದು ಒಪ್ಪತಕ್ಕ ಮಾತೇ. ಆದರೆ 1960 ಅಥವಾ 70ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಾದ ಎಂಜಿಬಿಯನ್ನೋ ಟ್ರಯಂಫ್ ಸ್ಪಿಟ್‌ಫೈರನ್ನೋ ಕೊಳ್ಳಲು ಹೊರಟವರು ಈ ನಿಯಮಕ್ಕೆ ಕಟ್ಟುಬಿದ್ದರೆ ಕರ್ನಾಟಕದಲ್ಲಿ ಬಹುಶಃ ಬರಿಗೈಯಲ್ಲೇ ಮರಳಬೇಕಾದೀತು. ಅದಕ್ಕಿಂತ ಹೆಚ್ಚಿನ ತೊಂದರೆಯೆಂದರೆ, ಸರ್ವಿಸ್ ಪುಸ್ತಕ ಎಲ್ಲಿ ಎಂದು ಪಟ್ಟು ಹಿಡಿದವರು ನಿಜಕ್ಕೂ ಕೇಳಬೇಕಾದ ಬೇರೆ ಕಾಗದಗಳನ್ನು ಕೇಳುವುದನ್ನೇ ಮರೆಯುತ್ತಾರೆ. ಹಳೆಯ ಗಾಡಿಗಳ ಕೆಲಸವನ್ನು ಬಹುಕಾಲದಿಂದ ಹತ್ತಿರದಿಂದ ನೋಡುತ್ತ ಬಂದವನಾಗಿ, ಸರ್ವಿಸ್ ದಾಖಲೆಯ ಕೊರತೆ ಬೆಲೆ ಇಳಿಸಲು ಕಾರಣವೇ ಹೊರತು ಗಾಡಿಯನ್ನು ಬಿಟ್ಟುಬರಲು ಕಾರಣವಲ್ಲವೆಂದೂ, ಬಿಟ್ಟುಬರಲು ಕಾರಣವಾಗಬೇಕಾದದ್ದು ನೋಂದಣಿ ದಾಖಲೆಯ ಕೊರತೆಯೆಂದೂ ಹೇಳಬಯಸುತ್ತೇನೆ.

ನಮ್ಮಲ್ಲಿ ಈ ಕಾರುಗಳಿಗೆ ಸರ್ವಿಸ್ ಪುಸ್ತಕ ಏಕೆ ಇಲ್ಲ ಎಂಬುದಕ್ಕೆ ಉತ್ತರ ಸರಳ: ಸರ್ವಿಸ್ ಮಾಡಿ ಠಸ್ಸೆ ಒತ್ತುವ ಕಂಪನಿಯ ಗ್ಯಾರೇಜು ಇಲ್ಲಿ ಇರಲೇ ಇಲ್ಲ. ಹೊಸ ವಿದೇಶಿ ಕಾರುಗಳ ಆಮದು ಬಹುಮಟ್ಟಿಗೆ ನಿಂತುಹೋಗಿದ್ದ ದಶಕಗಳಲ್ಲಿ ರಾಯಭಾರ ಕಚೇರಿಯವರು ತಂದು ಬಳಸಿದ ಕಾರುಗಳು ಕೇಂದ್ರ ಸರ್ಕಾರದ ವ್ಯಾಪಾರ ಸಂಸ್ಥೆಯಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾಗುತ್ತಿದ್ದವು; ಇನ್ನು ಕೆಲವು ಕಾಫಿ ತೋಟದವರ, ಗಣಿಯ ಅಧಿಕಾರಿಗಳ, ಸಿರಿವಂತ ಮನೆತನಗಳ ಷೆಡ್ಡುಗಳಲ್ಲಿ ಉಳಿದುಕೊಂಡವು. ಅವುಗಳನ್ನು ಓಡುವಂತೆ ಇಟ್ಟವರು ಬಡಾವಣೆಯ ಮೆಕ್ಯಾನಿಕ್‌ಗಳು. ಸಿಗದ ಬಿಡಿಭಾಗವನ್ನು ಲೇತ್‌ನಲ್ಲಿ ಮಾಡಿಸಿದರು, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಂದುವಂಥದ್ದನ್ನು ಹುಡುಕಿದರು, ಶಿವಾಜಿನಗರದ ಗುಜರಿಯಲ್ಲಿ ಆರಿಸಿದರು. ಲೆಕ್ಕವೆಲ್ಲ ಮೆಕ್ಯಾನಿಕ್‌ನ ತಲೆಯಲ್ಲಿತ್ತು. ಹಾಗಾಗಿ ಇಂಥ ಗಾಡಿಯ ನಿಜವಾದ ಸರ್ವಿಸ್ ದಾಖಲೆಯೆಂದರೆ ಅದನ್ನು ನೋಡಿಕೊಂಡ ಮನುಷ್ಯ. ಆತ ಇನ್ನೂ ಇದ್ದರೆ ಮಾರುವವರಿಂದ ಅವನ ವಿಳಾಸ ಪಡೆದು ಹೋಗಿ ಮಾತನಾಡಿಸುವುದು ಕಾಗದದ ಕಡತವೊಂದನ್ನು ತಿರುವಿಹಾಕುವುದಕ್ಕಿಂತ ಹೆಚ್ಚು ಫಲಕಾರಿ. ಇಂಜಿನ್ ಯಾವಾಗ ಬೋರ್ ಮಾಡಿಸಿದ್ದು (ಸವೆದ ಸಿಲಿಂಡರುಗಳನ್ನು ಕೊರೆಸಿದ್ದು), ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿದ್ದು ಏತಕ್ಕೆ, ಗೇರ್ ಬಾಕ್ಸ್ ಇದೇ ಗಾಡಿಯದೋ ಅಲ್ಲವೋ ಎಂಬುದನ್ನು, ಮಾರಾಟದಲ್ಲಿ ಪಾಲಿಲ್ಲದಿದ್ದರೆ, ಆತ ಮುಚ್ಚಿಡುವುದಿಲ್ಲ.

ಇನ್ನೊಂದು ಅನುಕೂಲವೂ ನಮಗಿದೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್‌ಡನ್‌ನಲ್ಲಿ ತಯಾರಾದ ಎಂಜಿಬಿಯ 1798 ಸಿಸಿ ಇಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸರಣಿಗೆ ಸೇರಿದ್ದು. ನಮ್ಮ ಅಂಬಾಸಿಡರ್‌ನಲ್ಲಿ ವರ್ಷಾನುಗಟ್ಟಲೆ ಓಡಿದ 1489 ಸಿಸಿ ಇಂಜಿನ್ ಅದೇ ಸರಣಿಯ ಸಣ್ಣ ಇಂಜಿನ್. ಸ್ಪಿಟ್‌ಫೈರ್ ಹುಟ್ಟಿದ್ದು ಟ್ರಯಂಫ್ ಹೆರಾಲ್ಡ್‌ನ ಚಾಸಿಯ (ಅಡಿಯ ಚೌಕಟ್ಟಿನ) ವಿನ್ಯಾಸದಿಂದ, ಆ ಹೆರಾಲ್ಡ್ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾಗುತ್ತಿತ್ತು. ಆದ್ದರಿಂದ ಅಂಬಾಸಿಡರ್, ಹೆರಾಲ್ಡ್ ಕೆಲಸ ಬಲ್ಲ ಹಿರಿಯ ಮೆಕ್ಯಾನಿಕ್‌ಗೆ ಈ ಕಾರುಗಳು ಪೂರ್ತಿ ಪರಕೀಯವಲ್ಲ. ಆದರೆ ಇದೇ ನಂಟಿನಿಂದ ಒಂದು ಅಪಾಯವೂ ಇದೆ. ಮೂಲ ಇಂಜಿನ್ ಕೆಟ್ಟಾಗ ಅಂಬಾಸಿಡರ್ ಇಂಜಿನ್ನನ್ನೇ ಕೂರಿಸಿ, ಬಾನೆಟ್ ಮುಚ್ಚಿ, ಮೂಲ ಸ್ಪೋರ್ಟ್ಸ್ ಕಾರಿನ ಬೆಲೆ ಹೇಳುವುದು ಅಸಾಧ್ಯವೇನಲ್ಲ.

ಇಲ್ಲಿಂದಲೇ ನಾನು ಹೇಳುವ ಬೇರೆ ಕಾಗದಗಳ ವಿಷಯ ಆರಂಭವಾಗುತ್ತದೆ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಮತ್ತು ಇಂಜಿನ್ ನಂಬರ್‌ಗಳು ಗಾಡಿಯ ಮೇಲಿನ ನಂಬರ್‌ಗಳೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಹಳೆಯ ಎಂಜಿಬಿಗಳಲ್ಲಿ ಚಾಸಿ ನಂಬರ್ ಇರುವುದು ಸಣ್ಣ ತಗಡಿನ ಫಲಕದ ಮೇಲೆ. ಫಲಕ ಬಿಚ್ಚಿದರೆ ಅದು ಬೇರೆ ಗಾಡಿಗೂ ಹೋದೀತು. ಆದ್ದರಿಂದ ನಂಬರನ್ನಷ್ಟೇ ಅಲ್ಲ, ಫಲಕದ ರಿವೆಟ್‌ಗಳು ಹಳೆಯವೋ ಹೊಸವೋ, ಸುತ್ತಲಿನ ಬಣ್ಣ ಒಂದೇ ರೀತಿ ಇದೆಯೋ ಎಂಬುದನ್ನೂ ನೋಡಬೇಕು. ಆರ್‌ಟಿಒ ಕಚೇರಿಗೆ ಹೇಗೂ ಪೆನ್ಸಿಲ್ ಉಜ್ಜಿ ತೆಗೆದ ಚಾಸಿ ಪ್ರಿಂಟ್ ಬೇಕಾಗುತ್ತದೆ. ಅದನ್ನು ಮುಂಗಡ ಹಣ ಕೊಟ್ಟ ಮೇಲೆ ತೆಗೆಯುವ ಬದಲು ಮೊದಲೇ ತೆಗೆದರೆ ಎಷ್ಟೋ ತಾಪತ್ರಯ ತಪ್ಪುತ್ತದೆ.

ಆರ್‌ಸಿ ಯಾರ ಹೆಸರಿನಲ್ಲಿದೆ ಎಂಬುದು ಅಷ್ಟೇ ಮುಖ್ಯ. ಎಂವೈ, ಸಿಎ ಎಂದು ಶುರುವಾಗುವ ಹಳೆಯ ನಂಬರಿನ ಗಾಡಿಗಳಲ್ಲಿ ಆರ್‌ಸಿ ಪುಸ್ತಕ ಈಗ ಮಾರುತ್ತಿರುವವರ ಹೆಸರಿನಲ್ಲಿರದೆ, ಮೂರು ಕೈ ಹಿಂದಿನ ಮಾಲೀಕರ ಹೆಸರಿನಲ್ಲೇ ಇರುವುದು ಅಪರೂಪವಲ್ಲ. ಸಹಿ ಹಾಕಿ ಖಾಲಿ ಬಿಟ್ಟ, ಮಾಲೀಕತ್ವ ವರ್ಗಾವಣೆಯ ಫಾರಂ 29, ಫಾರಂ 30 ಜೊತೆಗಿದೆ ಎಂದು ಸಮಾಧಾನ ಹೇಳುವವರಿದ್ದಾರೆ. ಅದು ಸಮಾಧಾನ ಪಡುವ ವಿಷಯವಲ್ಲ. ನೋಂದಣಿಯಲ್ಲಿ ಹೆಸರಿರುವವರನ್ನೇ ಮಾಲೀಕರೆಂದು ಪರಿಗಣಿಸಬೇಕು, ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವುದನ್ನು ಮಾರುವವರೂ ನೆನಪಿಡುವುದು ಒಳ್ಳೆಯದು. ಹೆಸರಿದ್ದವರು ತೀರಿಕೊಂಡಿದ್ದರೆ ಫಾರಂ 31ರ ಮೂಲಕ ಮೊದಲು ವಾರಸುದಾರರ ಹೆಸರಿಗೆ ವರ್ಗಾವಣೆಯಾಗಬೇಕು, ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ಅಣ್ಣತಮ್ಮಂದಿರಲ್ಲಿ ಒಬ್ಬರು ಮಾರಲು ನಿಂತು ಇನ್ನೊಬ್ಬರು ಒಪ್ಪದಿದ್ದರೆ ಕೊಂಡವರ ಹಣವೂ ಗಾಡಿಯೂ ನಡುವೆ ಸಿಕ್ಕಿಬೀಳುತ್ತವೆ. ಕೈಬರಹದ ಹಳೆಯ ಆರ್‌ಸಿಯ ವಿವರಗಳು ವಾಹನ ನೋಂದಣಿಯ ಸರ್ಕಾರಿ ವಾಹನ್ ತಂತ್ರಾಂಶದಲ್ಲಿ ಸೇರಿವೆಯೇ ಎಂಬುದನ್ನು ಕೂಡ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 20 ವರ್ಷ ದಾಟಿದ ಆಮದು ಕಾರಿಗೆ ಈ ಶುಲ್ಕವನ್ನು 2025ರಲ್ಲಿ 80,000 ರೂಪಾಯಿಗೆ ಏರಿಸಲಾಗಿದೆ. 50 ವರ್ಷ ದಾಟಿದ ಗಾಡಿಗಾದರೆ 2021ರ ಜುಲೈನ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಯ ಅವಕಾಶವಿದೆ. ಅದಕ್ಕೆ ಹೊಸದಾಗಿ 20,000 ರೂಪಾಯಿ, ಅವಧಿ ಹತ್ತು ವರ್ಷ, ನಂಬರಿನಲ್ಲಿ ವಿಎ ಎಂಬ ಗುರುತು. ಆದರೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಈ ನಿಯಮವು ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರಬೇಕೆಂದು ಕೇಳುವುದರಿಂದ, ಅಂಬಾಸಿಡರ್ ಇಂಜಿನ್ ಕೂರಿಸಿದ ಎಂಜಿಬಿಯನ್ನು ಕೊಂಡವರಿಗೆ ಈ ಬಾಗಿಲು ಮುಚ್ಚಿದಂತೆಯೇ. ಸರ್ವಿಸ್ ಪುಸ್ತಕ ಕೇಳಿ ಇದನ್ನು ಕೇಳದೆ ಬಂದವರು ಕಳೆದುಕೊಳ್ಳುವುದು ಇಂಥದ್ದನ್ನು.

ಕಳೆದುಹೋದ ಇತಿಹಾಸದಲ್ಲಿ ಒಂದು ಭಾಗವನ್ನು ಈಗಲೂ ಪಡೆಯಬಹುದು ಎಂಬುದು ಇಲ್ಲಿ ಅನೇಕರಿಗೆ ತಿಳಿದಿಲ್ಲ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್ ಎಂಜಿ, ಟ್ರಯಂಫ್ ಮುಂತಾದ ಕಾರುಗಳ ಕಾರ್ಖಾನೆ ದಾಖಲೆಗಳನ್ನು ಕಾಪಾಡಿಕೊಂಡಿದೆ. ಶುಲ್ಕ ಕಟ್ಟಿ ಚಾಸಿ ನಂಬರ್ ಕಳುಹಿಸಿದರೆ, ಗಾಡಿ ತಯಾರಾದ ದಿನ, ಮೂಲ ಬಣ್ಣ, ಮೂಲ ಇಂಜಿನ್ ನಂಬರ್, ಯಾವ ಮಾರುಕಟ್ಟೆಗೆ ಕಳುಹಿಸಿದ್ದು ಎಂಬ ವಿವರಗಳ ಪ್ರಮಾಣಪತ್ರ ಬರುತ್ತದೆ. ಲಕ್ಷಗಟ್ಟಲೆ ಹಣ ಹಾಕುವವರಿಗೆ ಆ ಶುಲ್ಕ ಹೆಚ್ಚೇನಲ್ಲ.

ಗಾಡಿಯ ಪರೀಕ್ಷೆಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಎಲ್ಲರೂ ಮೊದಲು ಇಂಜಿನ್ ಸದ್ದು ಕೇಳುತ್ತಾರೆ, ಆದರೆ ಮೊದಲು ನೋಡಬೇಕಾದದ್ದು ತಗಡನ್ನು. ಇಂಜಿನ್ ಕೆಲಸಕ್ಕೆ ಒಂದು ಲೆಕ್ಕವಿರುತ್ತದೆ; ತುಕ್ಕು ತಿಂದ ಬಾಡಿಯ ಕೆಲಸಕ್ಕೆ ಲೆಕ್ಕವೇ ಇರುವುದಿಲ್ಲ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ಮೇಲ್ಛಾವಣಿ ಇಲ್ಲದ ಮಾದರಿಯಲ್ಲಿ ಆ ಭಾರದ ಬಹುಪಾಲು ಬೀಳುವುದು ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಸಾಗುವ ಸಿಲ್‌ಗಳ ಮೇಲೆ. ಹೊರಗಿನ ಸಿಲ್‌ಗೆ ಹೊಸ ತಗಡು ಬೆಸೆದು ಬಣ್ಣ ಹೊಡೆದಿದ್ದರೂ ಒಳಗಿನದು ಪುಡಿಯಾಗಿರಬಹುದು. ಗಾಡಿಯನ್ನು ಜಾಕ್ ಮೇಲೆ ಎತ್ತಿ ಬಾಗಿಲು ತೆಗೆದು ಹಾಕಿ ನೋಡಿದರೆ ಗುಟ್ಟು ಹೊರಬೀಳುತ್ತದೆ: ಸಿಲ್ ಸತ್ತಿದ್ದರೆ ಬಾಗಿಲು ಹಿಡಿಯುತ್ತದೆ, ಸಂದು ಮೇಲೊಂದು ಕೆಳಗೊಂದು ಆಗುತ್ತದೆ. ತೆಳುಬಟ್ಟೆ ಸುತ್ತಿದ ಅಯಸ್ಕಾಂತವನ್ನು ಚಕ್ರದ ಕಮಾನುಗಳ ಮೇಲೆ ಹಾಯಿಸಿದರೆ ಪುಟ್ಟಿ ಎಲ್ಲಿ ದಪ್ಪವಾಗಿ ತುಂಬಿದ್ದಾರೆಂಬುದು ತಿಳಿಯುತ್ತದೆ. ಕರಾವಳಿಯಲ್ಲಿದ್ದ ಗಾಡಿಗೆ ಈ ಪರೀಕ್ಷೆಯಲ್ಲಿ ಯಾವ ರಿಯಾಯಿತಿಯನ್ನೂ ಕೊಡಬಾರದು.

ಇಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನಾವು ಹೋಗುವ ಹೊತ್ತಿಗೆ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹಿಂದಿರುಗುವುದೇ ಲೇಸು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ನೀರು ಸೇರಿರುವ ಅನುಮಾನವಿದೆ. ಇಂಜಿನ್ ಬಿಸಿಯಾದ ಮೇಲೆ ಎಂಜಿಬಿಯ ಆಯಿಲ್ ಪ್ರೆಷರ್ ಓಡುವಾಗ ಚದರ ಇಂಚಿಗೆ 50ರಿಂದ 80 ಪೌಂಡ್, ನಿಂತಲ್ಲಿ 10ರಿಂದ 25 ಪೌಂಡ್ ಇರಬೇಕೆಂಬುದು ಕೈಪಿಡಿಯ ಲೆಕ್ಕ. ಆ ಬಳಿಕ ಸಿಲಿಂಡರುಗಳ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆ. ನಾಲ್ಕು ಸಿಲಿಂಡರುಗಳ ಅಂಕಿಗಳು ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಒಂದಕ್ಕೊಂದು ಹತ್ತಿರವಿವೆಯೇ ಎಂಬುದು ಮುಖ್ಯ. ಒಂದರಲ್ಲಿ ಅಂಕಿ ಬಿದ್ದಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ದೋಷ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಅರ್ಧ ಗಂಟೆಯ ಈ ಕೆಲಸಕ್ಕೆ ಮಾರುವವರು ಒಪ್ಪದಿದ್ದರೆ ಮಾತುಕತೆ ಮುಂದುವರಿಸುವ ಅಗತ್ಯವಿಲ್ಲ.

ದಾಖಲೆಯಿಲ್ಲದ ಗಾಡಿಯಲ್ಲಿ ಕಿಲೋಮೀಟರಿನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಲೇಬಾರದೆಂದು ನನ್ನ ಅಭಿಪ್ರಾಯ. ಹಳೆಯ ಮೀಟರುಗಳಲ್ಲಿ ಇರುವುದು ಐದೇ ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆ. ಅದೂ ಬಹುತೇಕ ಮೈಲಿಗಳಲ್ಲಿ. ಅದರ ಬದಲು ಪೆಡಲುಗಳ ರಬ್ಬರ್, ಸ್ಟಿಯರಿಂಗ್ ಚಕ್ರದ ಸವೆತ, ಟೈರಿನ ಮೇಲೆ ಅಚ್ಚಾಗಿರುವ ವಾರ ಮತ್ತು ವರ್ಷದ ನಾಲ್ಕು ಅಂಕಿಗಳನ್ನು ನೋಡಬಹುದು. ಕಡಿಮೆ ಓಡಿದ ಗಾಡಿ ಒಳ್ಳೆಯ ಗಾಡಿ ಎಂಬ ನಂಬಿಕೆಯೂ ಇಲ್ಲಿ ಕೈಕೊಡುತ್ತದೆ, ಏಕೆಂದರೆ ವರ್ಷಗಟ್ಟಲೆ ನಿಂತಲ್ಲೇ ನಿಂತ ಗಾಡಿಯಲ್ಲಿ ಬ್ರೇಕ್ ಸಿಲಿಂಡರುಗಳು ಕಚ್ಚಿಕೊಂಡಿರುತ್ತವೆ, ರೇಡಿಯೇಟರ್ ಕಟ್ಟಿಕೊಂಡಿರುತ್ತದೆ, ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕು ಹಿಡಿದಿರುತ್ತದೆ. ಇದಕ್ಕೆ ಈಗ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಸೇರಿದೆ. ಆ ಕಾಲದ ರಬ್ಬರ್ ಪೈಪುಗಳನ್ನು ಅದಕ್ಕಾಗಿ ಮಾಡಿರಲಿಲ್ಲ. ಸೀಸವಿದ್ದ ಪೆಟ್ರೋಲ್ ದೇಶದಲ್ಲಿ 2000ದಲ್ಲೇ ನಿಂತಿದೆ; ವಾಲ್ವ್ ಸೀಟುಗಳ ಸವೆತವನ್ನು ತಡೆಯುತ್ತಿದ್ದುದು ಆ ಸೀಸವೇ ಆದ್ದರಿಂದ, ಹೆಡ್‌ನಲ್ಲಿ ಗಟ್ಟಿ ವಾಲ್ವ್ ಸೀಟುಗಳನ್ನು ಕೂರಿಸಿದ್ದಾರೆಯೇ ಎಂಬುದನ್ನೂ ಕೇಳಬೇಕಾಗುತ್ತದೆ. ಏನು ಬದಲಾಯಿಸಿದ್ದಾರೆಂದು ತೋರಿಸಲಾಗದಿದ್ದರೆ ಏನನ್ನೂ ಬದಲಾಯಿಸಿಲ್ಲವೆಂದೇ ಎಣಿಸಿ, ಎಲ್ಲ ಆಯಿಲ್, ಹೋಸ್, ಬೆಲ್ಟ್, ಬ್ರೇಕ್, ಟೈರುಗಳ ಖರ್ಚನ್ನು ಮೆಕ್ಯಾನಿಕ್‌ನಿಂದ ಬರೆಸಿ, ಆ ಮೊತ್ತವನ್ನು ಕೇಳಿದ ಬೆಲೆಯಿಂದ ಕಳೆಯುವುದು ನ್ಯಾಯವಾದ ಲೆಕ್ಕ.

ನಮ್ಮದೇ ಸ್ಪೋರ್ಟ್ಸ್ ಕಾರಾದ ಸ್ಯಾನ್ ಸ್ಟಾರ್ಮ್‌ನ ಬಗ್ಗೆ ಒಂದು ಮಾತು. ಬೆಂಗಳೂರಿನ ಕಂಪನಿಯು 1990ರ ದಶಕದ ಕೊನೆಯಲ್ಲಿ ಗೋವಾದ ಕಾರ್ಖಾನೆಯಿಂದ ಹೊರತಂದ, ರೆನೋ ಇಂಜಿನ್ನಿನ ಈ ಎರಡು ಸೀಟಿನ ಗಾಡಿಯ ಬಾಡಿ ಫೈಬರಿನದು. ಅಯಸ್ಕಾಂತದ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಾರದು. ಬಣ್ಣದ ಮೇಲೆ ನಕ್ಷತ್ರದಂತೆ ಹರಡಿದ ಬಿರುಕುಗಳನ್ನೂ ಅಡಿಯ ಉಕ್ಕಿನ ಚೌಕಟ್ಟನ್ನೂ ನೋಡಬೇಕು. ಹೊಸ ಬಿಡಿಭಾಗಗಳು ಸುಲಭವಾಗಿ ಸಿಗದ ಕಾರಣ ಗಾಜು, ದೀಪ, ಬಾಗಿಲ ಹಿಡಿಗಳು ಪೂರ್ತಿಯಾಗಿರುವ ಗಾಡಿಗೆ ಹೆಚ್ಚು ಬೆಲೆ ಕೊಡುವುದರಲ್ಲಿ ತಪ್ಪಿಲ್ಲ.

ಕೊನೆಯದಾಗಿ ಸಾರಿಗೆ ಇಲಾಖೆಗೂ ತಮ್ಮ ಪತ್ರಿಕೆಗೂ ಒಂದೊಂದು ವಿನಂತಿ. ಬ್ರಿಟನ್ನಿನಲ್ಲಿ ವಾರ್ಷಿಕ ತಪಾಸಣೆಯ ವೇಳೆ ದಾಖಲಾದ ಮೀಟರ್ ಅಂಕಿಯನ್ನು ಗಾಡಿಯ ನಂಬರ್ ಕೊಟ್ಟು ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ನಮ್ಮಲ್ಲೂ ನೋಂದಣಿ ನವೀಕರಣಕ್ಕೆ ಬಂದ ಪ್ರತಿಯೊಂದು ಕಾರನ್ನು ಇನ್‌ಸ್ಪೆಕ್ಟರ್ ನೋಡುತ್ತಾರೆ. ಅದೇ ಹೊತ್ತಿನಲ್ಲಿ ಮೀಟರ್ ಅಂಕಿಯನ್ನೂ ಇಂಜಿನ್ ಬದಲಾಗಿದ್ದರೆ ಅದರ ವಿವರವನ್ನೂ ಬರೆದು ವಾಹನ್ ಜಾಲತಾಣದಲ್ಲಿ ಸಾರ್ವಜನಿಕರಿಗೆ ಕಾಣುವಂತೆ ಮಾಡಿದರೆ, ಇಂದಿನ ಸಾಮಾನ್ಯ ಗಾಡಿಗಳು ಹಳೆಯವಾಗುವ ಹೊತ್ತಿಗಾದರೂ ಅವುಗಳ ಜೊತೆ ಒಂದು ಇತಿಹಾಸ ಇರುತ್ತದೆ. ತಮ್ಮ ವರ್ಗೀಕೃತ ಜಾಹೀರಾತು ಪುಟದಲ್ಲಿ ಹಳೆಯ ವಾಹನಗಳ ಮಾರಾಟಕ್ಕೆ ಸ್ಥಳ ಕೊಡುವಾಗ, ಮೂಲ ಆರ್‌ಸಿ ಇದೆಯೇ, ಅದು ಮಾರುವವರ ಹೆಸರಿನಲ್ಲಿದೆಯೇ, ನೋಂದಣಿ ಯಾವ ವರ್ಷದವರೆಗೆ ಚಾಲ್ತಿಯಲ್ಲಿದೆ ಎಂಬ ಮೂರು ವಿವರಗಳನ್ನು ಕಡ್ಡಾಯ ಮಾಡಲು ಸಾಧ್ಯವೇ ಎಂದು ತಾವು ಪರಿಶೀಲಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓದುಗನೊಬ್ಬ, ಮೈಸೂರು