ಮಗಳಿಗೊಂದು ಪತ್ರ: ಡಿಸೆಂಬರ್ ರಜೆಗೆ ವಿಲಿಯಮ್ಸ್‌ಬರ್ಗ್

ಚಿ. ಸೌ. ಸುಮಾಗೆ ಅಮ್ಮನ ಆಶೀರ್ವಾದಗಳು.

ಬೀಗರು ಡಿಸೆಂಬರಿನಲ್ಲಿ ಬರುತ್ತಿದ್ದಾರೆ, ಅಮೆರಿಕದ ವರ್ಜೀನಿಯಾದಲ್ಲಿ ಹಳೆಯ ಊರೇ ಮ್ಯೂಸಿಯಮ್ಮಾಗಿರುವ ಕಲೋನಿಯಲ್ ವಿಲಿಯಮ್ಸ್‌ಬರ್ಗಿಗೆ ಕರೆದುಕೊಂಡು ಹೋಗಬಹುದಾ ಎಂದು ನೀನು ಕೇಳಿದ್ದೀಯ. ಖಂಡಿತ ಹೋಗಿ. ಆದರೆ ನೀನು ಕಳಿಸಿದ ಪಟ್ಟಿಯನ್ನು ಅರ್ಧಕ್ಕೆ ಇಳಿಸು. ಒಂದೇ ದಿನಕ್ಕೆ ಗವರ್ನರ್ ಅರಮನೆ, ಕ್ಯಾಪಿಟಲ್ (ಆಗಿನ ಶಾಸನಸಭೆಯ ಕಟ್ಟಡ), ಹತ್ತು ಕುಶಲಕರ್ಮಿಗಳ ಅಂಗಡಿ, ಸಂಜೆಗೆ ಪಟಾಕಿ ಎಂದರೆ ಎಲ್ಲ ಕಡೆ ಹೊಸ್ತಿಲು ಮುಟ್ಟಿ ಬಂದಂತಾಗುತ್ತದೆ ಅಷ್ಟೇ. ಉಳಿದ ಮ್ಯೂಸಿಯಮ್ಮುಗಳಲ್ಲಿ ಗಾಜಿನ ಹಿಂದೆ ವಸ್ತು ಇರುತ್ತದೆ, ಪಕ್ಕದಲ್ಲಿ ಚೀಟಿ ಇರುತ್ತದೆ. ಇಲ್ಲಿ ಚೀಟಿಯ ಬದಲು ಮನುಷ್ಯರಿದ್ದಾರೆ. ನಿಂತು ಕೇಳದಿದ್ದರೆ ಅವರು ಹೇಳುವುದೂ ಇಲ್ಲ, ನಿಮಗೆ ಸಿಗುವುದೂ ಇಲ್ಲ.

1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿಯಾಗಿದ್ದ ಊರು ಅದು. ರಾಜಧಾನಿ ರಿಚ್ಮಂಡಿಗೆ ಹೋದ ಮೇಲೆ ಮಂಕಾಯಿತು, ಹಾಗಾಗಿಯೇ ಹಳೆಯ ಮನೆಗಳು ಉಳಿದವು. 1926ರಲ್ಲಿ ಪಾದ್ರಿ ಗುಡ್‌ವಿನ್ ಅವರ ಒತ್ತಾಯಕ್ಕೆ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಎಂಬ ಸಿರಿವಂತರು ಊರನ್ನು ಹಳೆಯ ರೂಪಕ್ಕೆ ತರಲು ಹಣ ಹಾಕಿದರು. ಈಗ 301 ಎಕರೆ. ಎಂಬತ್ತಕ್ಕೂ ಹೆಚ್ಚು ಕಟ್ಟಡಗಳು ಮೂಲದವು, ಉಳಿದವು ಹಳೆಯ ತಳಪಾಯದ ಮೇಲೆ ಮತ್ತೆ ಕಟ್ಟಿದವು. ಅರಮನೆಯೂ ಮತ್ತೆ ಕಟ್ಟಿದ್ದೇ. 1781ರ ಡಿಸೆಂಬರಿನಲ್ಲಿ ಸುಟ್ಟುಹೋಗಿತ್ತು, 1934ರಲ್ಲಿ ಬಾಗಿಲು ತೆರೆಯಿತು. "ಇದು ಹಳೆಯದಾ, ಹೊಸದಾ?" ಎಂದು ಪ್ರತಿ ಕಟ್ಟಡದಲ್ಲೂ ಕೇಳಿ. ಅವರಿಗೆ ಬೇಸರವಾಗುವುದಿಲ್ಲ.

ಮೊದಲು ದಿನ ಗೊತ್ತು ಮಾಡಿಕೋ. ಡಿಸೆಂಬರಿನ ಕೆಲವು ವಾರಾಂತ್ಯಗಳಲ್ಲಿ 'ಗ್ರ್ಯಾಂಡ್ ಇಲ್ಯುಮಿನೇಷನ್' ಎಂದು ಪಟಾಕಿ, ದೀಪ, ಮೆರವಣಿಗೆ ಇರುತ್ತದೆ. ಆ ದಿನ ಜನಜಾತ್ರೆ, ರೂಮಿನ ಬಾಡಿಗೆ ಏರಿರುತ್ತದೆ, ರಾತ್ರಿ ಶಟಲ್ ಬಸ್ಸಿಗೆ ಚಳಿಯಲ್ಲಿ ಸಾಲು. ನಿಮ್ಮತ್ತೆಯ ಮಂಡಿನೋವಿಗೆ ಅದು ಬೇಡ. ಬಾಗಿಲುಗಳ ಅಲಂಕಾರ ಹೊಸ ವರ್ಷದವರೆಗೂ ಇರುತ್ತದೆ, ವಾರದ ನಡುವೆ ಎರಡು ದಿನ ಇಟ್ಟುಕೋ. ಇನ್ನೊಂದು ಮಾತು: ಎಲ್ಲ ಅಂಗಡಿಗಳೂ ವಾರದ ಎಲ್ಲ ದಿನ ತೆರೆದಿರುವುದಿಲ್ಲ. ಇಂದು ಕುಲುಮೆ ಇದ್ದರೆ ನಾಳೆ ಇರದಿರಬಹುದು. ಅದಕ್ಕೇ ಮೊದಲು ಬೇಕಾದ ಮೂರು ಅಂಗಡಿ ಆರಿಸು, ಅವರ ವೆಬ್‌ಸೈಟಿನಲ್ಲಿ ಆ ವಾರದ ವೇಳಾಪಟ್ಟಿ ನೋಡು, ಆಮೇಲೆ ರೂಮು ಬುಕ್ ಮಾಡು. ಹೆಚ್ಚಿನವರು ಇದನ್ನು ತಿರುಗಾಮುರುಗ ಮಾಡಿ, ಮುಚ್ಚಿದ ಬಾಗಿಲ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ.

ಬೀದಿಯಲ್ಲಿ ಓಡಾಡಲು ಟಿಕೆಟ್ ಬೇಡ. ಕಟ್ಟಡದೊಳಗೆ, ಅಂಗಡಿಯೊಳಗೆ ಹೋಗಲು ಬೇಕು. ಒಂದು ದಿನದ ಟಿಕೆಟಿಗೂ ಹಲವು ದಿನದ್ದಕ್ಕೂ ಹಣದಲ್ಲಿ ಅಂತರ ಕಡಿಮೆ, ಎರಡನೆಯದನ್ನೇ ತಗೊ. ಕಾರನ್ನು ವಿಸಿಟರ್ ಸೆಂಟರಿನಲ್ಲಿ ನಿಲ್ಲಿಸಿ ಶಟಲ್ ಹತ್ತಿ. ಹಗಲಲ್ಲಿ ಮುಖ್ಯ ಬೀದಿಗೆ ವಾಹನ ಬಿಡುವುದಿಲ್ಲ. ಆ ಡ್ಯೂಕ್ ಆಫ್ ಗ್ಲಾಸ್ಟರ್ ಬೀದಿ ಈ ತುದಿಯ ಕ್ಯಾಪಿಟಲ್‌ನಿಂದ ಆ ತುದಿಯ ಕಾಲೇಜಿನವರೆಗೆ ಸುಮಾರು ಒಂದು ಮೈಲಿ. ಪಾದಚಾರಿ ದಾರಿ ಹಳೆಯ ಇಟ್ಟಿಗೆಯದು, ಅಲ್ಲಲ್ಲಿ ಬೇರು ಎಬ್ಬಿಸಿದೆ. ಸೀರೆಯ ಕೆಳಗೆ ಚಪ್ಪಲಿ ಹಾಕಿಕೊಂಡು ಹೊರಟರೆ ಎಡವುತ್ತಾರೆ. ನಿಮ್ಮತ್ತೆಗೆ ಈಗಲೇ ಒಂದು ಜೊತೆ ಶೂ ಕೊಡಿಸಿ ಮನೆಯಲ್ಲೇ ನಡೆದು ರೂಢಿ ಮಾಡಿಸು. ಹಗಲು ಸುಮಾರು 10 ಡಿಗ್ರಿ, ರಾತ್ರಿ ಸೊನ್ನೆಯ ಹತ್ತಿರ. ಒಂದೇ ದಪ್ಪ ಕೋಟಿಗಿಂತ ಎರಡು ಮೂರು ಪದರ ಒಳ್ಳೆಯದು, ಏಕೆಂದರೆ ಕುಲುಮೆಯೊಳಗೆ ಬೆಚ್ಚಗೆ, ಹೊರಗೆ ಬಂದೊಡನೆ ಚಳಿ.

ಸಂಜೆ ಐದಕ್ಕೆ ಹೆಚ್ಚುಕಡಿಮೆ ಎಲ್ಲ ಮುಚ್ಚುತ್ತದೆ, ಸೂರ್ಯ ಅದಕ್ಕೂ ಸ್ವಲ್ಪ ಮೊದಲೇ ಮುಳುಗುತ್ತಾನೆ. ಹೋಟೆಲಿನಲ್ಲಿ ನಿಧಾನವಾಗಿ ತಿಂಡಿ ತಿಂದು ಹನ್ನೊಂದಕ್ಕೆ ಹೊರಟರೆ ದಿನದಲ್ಲಿ ಉಳಿಯುವುದು ಅರ್ಧ. ಅರಮನೆಗೆ ಗುಂಪು ಗುಂಪಾಗಿ ಕರೆದೊಯ್ಯುತ್ತಾರೆ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಪ್ರವೇಶದ ಹಜಾರದಲ್ಲಿ ಗೋಡೆ ತುಂಬ ಬಂದೂಕು, ಕತ್ತಿ ಜೋಡಿಸಿಟ್ಟಿದ್ದಾರೆ. ಬಂದವರಿಗೆ ರಾಜನ ಬಲ ಮೊದಲ ನೋಟಕ್ಕೇ ತಿಳಿಯಲಿ ಎಂದು. ಹಿಂದಿನ ತೋಟದಲ್ಲಿ ಚಳಿಗಾಲಕ್ಕೆ ಹೂವಿಲ್ಲ, ಆದರೆ ಅಮೆರಿಕದ ಸ್ವಾತಂತ್ರ್ಯ ಸಮರದ ಯಾರ್ಕ್‌ಟೌನ್ ಯುದ್ಧದ ನಂತರ ಆ ಕಟ್ಟಡ ಆಸ್ಪತ್ರೆಯಾಗಿದ್ದಾಗ ಸತ್ತ 156 ಸೈನಿಕರು ಅಲ್ಲೇ ಮಣ್ಣಾಗಿದ್ದಾರೆ. ಪುಟ್ಟನನ್ನು ಅಲ್ಲಿ ಓಡಾಡಲು ಬಿಡುವ ಮೊದಲು ಇದನ್ನು ಹೇಳು.

ಈಗ ಅಂಗಡಿಗಳು. ಒಂದಕ್ಕೆ ಮುಕ್ಕಾಲು ಗಂಟೆ ಕೊಡು. ನನ್ನ ಆಯ್ಕೆ ಪೀಪಾಯಿ ಮಾಡುವವನು, ಕಮ್ಮಾರ, ಮುದ್ರಣಾಲಯ.

ಪೀಪಾಯಿಯವನ ಹತ್ತಿರ ಕಣ್ಣನ್ನು ಅವನ ಕೈ ಮೇಲಿಡಿ. ಮರವನ್ನು ಗರಗಸದಲ್ಲಿ ಕೊಯ್ಯದೆ, ಎಳೆಯ ಉದ್ದಕ್ಕೆ ಸೀಳಿ ಪಟ್ಟಿ ತೆಗೆಯುತ್ತಾನೆ. ಕೊಯ್ದರೆ ಎಳೆ ತುಂಡಾಗಿ, ಅಲ್ಲಿಂದಲೇ ನೀರು ಜಿನುಗುತ್ತದೆ. ಉಜ್ಜುಗೊರಡು ಆಳುದ್ದ ಇರುತ್ತದೆ, ಮಗುಚಿ ಓರೆಯಾಗಿ ನಿಲ್ಲಿಸಿರುತ್ತಾರೆ. ಓಡುವುದು ಉಜ್ಜುಗೊರಡಲ್ಲ, ಪಟ್ಟಿ. ಪಟ್ಟಿಯ ಅಂಚನ್ನು ಎಷ್ಟು ಓರೆ ಹೆರೆಯಬೇಕೆಂಬುದಕ್ಕೆ ಅಳತೆಪಟ್ಟಿ ಹಿಡಿಯುವುದಿಲ್ಲ, ಕಣ್ಣಂದಾಜು. ಆಮೇಲೆ ಪಟ್ಟಿಗಳನ್ನು ಬಳೆಯೊಳಗೆ ನಿಲ್ಲಿಸಿ, ನಡುವೆ ಕಬ್ಬಿಣದ ಬುಟ್ಟಿಯಲ್ಲಿ ಬೆಂಕಿ ಹಾಕುತ್ತಾನೆ. ಮರ ಕಾದು ಮೆತ್ತಗಾದಾಗ ಬಳೆ ಬಡಿದು ಬಡಿದು ಬಗ್ಗಿಸುತ್ತಾನೆ. ಅವಸರ ಮಾಡಿದರೆ ಪಟ್ಟಿ ಸೀಳುತ್ತದೆ. ಎಲ್ಲೂ ಅಂಟು ಹಾಕುವುದಿಲ್ಲ. ದ್ರವ ತುಂಬುವ ಪೀಪಾಯಿಗೆ ಬಿಳಿ ಓಕ್ ಯಾಕೆ, ಕೆಂಪು ಓಕ್ ಯಾಕಲ್ಲ ಎಂದು ಪುಟ್ಟನಿಂದ ಕೇಳಿಸು. ಬಿಳಿ ಓಕಿನ ಸೂಕ್ಷ್ಮ ಕೊಳವೆಗಳು ಒಳಗೇ ಮುಚ್ಚಿಕೊಂಡಿರುತ್ತವೆ, ಕೆಂಪು ಓಕಿನವು ತೆರೆದಿರುತ್ತವೆ. ಕೆಂಪು ಓಕಿನ ತುಂಡಿನ ಒಂದು ತುದಿಗೆ ಬಾಯಿಟ್ಟು ಊದಿದರೆ ಇನ್ನೊಂದು ತುದಿಯಿಂದ ಗಾಳಿ ಬರುತ್ತದೆ.

ಕುಲುಮೆಯಲ್ಲಿ ಮೊಳೆ ಮಾಡುವುದು ನೋಡಿದರೆ ಸಾಕು. ಕಡ್ಡಿ ಕಾದು ಕಿತ್ತಳೆ ಹಳದಿಗೆ ಬಂದಾಗ ತೆಗೆದು, ನಾಲ್ಕು ಮುಖ ತಟ್ಟಿ ಚೂಪು ಮಾಡಿ, ಅರ್ಧ ಕತ್ತರಿಸಿ, ತೂತಿನ ಪಟ್ಟಿಯಲ್ಲಿ ಸಿಕ್ಕಿಸಿ, ಮುರಿದು, ತಲೆ ಬಡಿಯುತ್ತಾನೆ. ಎಲ್ಲವೂ ಒಂದೇ ಕಾವಿನಲ್ಲಿ ಮುಗಿಯಬೇಕು. ಕಬ್ಬಿಣ ಮಂಕು ಕೆಂಪಿಗಿಂತ ಕೆಳಗಿಳಿದ ಮೇಲೂ ಬಡಿದರೆ ಬಿರುಕು ಬಿಡುತ್ತದೆ. ಕೆಲಸದ ನಡುವೆ ಪ್ರಶ್ನೆ ಎಸೆಯಬೇಡಿ, ಕಡ್ಡಿ ಮತ್ತೆ ಬೆಂಕಿಗೆ ಹೋದಾಗ ಕೇಳಿ. ತಿದಿ ಒತ್ತುವ ಆ ಹೊತ್ತೇ ಅವನ ಬಿಡುವು. ಮುದ್ರಣಾಲಯದಲ್ಲಿ ಉಣ್ಣೆ ತುಂಬಿದ ಚರ್ಮದ ಉಂಡೆಗಳಿಂದ ಮಸಿ ಹಚ್ಚುತ್ತಾರೆ, ಕಾಗದವನ್ನು ಮೊದಲೇ ನೆನೆಸಿ ಒದ್ದೆ ಮಾಡಿರುತ್ತಾರೆ. ಒಣ ಕಾಗದಕ್ಕೆ ಮಸಿ ಸಮನಾಗಿ ಹತ್ತುವುದಿಲ್ಲ. ಇಟ್ಟಿಗೆ ಅಚ್ಚು ಹಾಕುವುದನ್ನು ಪುಟ್ಟ ವಿಡಿಯೋದಲ್ಲಿ ನೋಡಿ ಆಸೆ ಪಟ್ಟಿದ್ದಾನಂತೆ, ಅದು ಬೇಸಿಗೆಯ ಕೆಲಸ. ಹಸಿ ಇಟ್ಟಿಗೆಯೊಳಗಿನ ನೀರು ಹೆಪ್ಪುಗಟ್ಟಿದರೆ ಇಟ್ಟಿಗೆ ಒಡೆಯುತ್ತದೆ. ಮೊದಲೇ ಹೇಳಿಬಿಡು.

ನಿಮ್ಮ ಮಾವನವರು ಕುಮಟಾ ಕಡೆಯವರಲ್ಲವಾ, ಗೋಡೆಯ ಗಾರೆ ನೋಡಲು ಹೇಳು. ಅಲ್ಲಿ ಸುಣ್ಣದ ಕಲ್ಲು ಇರಲಿಲ್ಲ, ಸಮುದ್ರದ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಹಳೆಯ ಗಾರೆಯಲ್ಲಿ ಬೇಯದೆ ಉಳಿದ ಚಿಪ್ಪಿನ ಚೂರು ಬಿಳಿಯಾಗಿ ಕಾಣುತ್ತದೆ. ನಮ್ಮ ಕರಾವಳಿಯ ಚಿಪ್ಪಿನ ಸುಣ್ಣ ಕಂಡವರಿಗೆ ವಿವರಿಸಬೇಕಾಗಿಲ್ಲ. ನಿಮ್ಮತ್ತೆಯನ್ನು ಉಡುಪು ಹೊಲಿಯುವ ಮಾರ್ಗರೆಟ್ ಹಂಟರ್ ಅಂಗಡಿಗೆ ಕರೆದುಕೊಂಡು ಹೋಗು. ಆಗಿನ ಸಿರಿವಂತರು ಉಡುತ್ತಿದ್ದ ಅಚ್ಚಿನ ಹತ್ತಿ ಬಟ್ಟೆ, ಮಸ್ಲಿನ್ನು ಭಾರತದಿಂದ ಲಂಡನ್ ಮೂಲಕ ಹೋಗುತ್ತಿದ್ದವು.

ವೇಷ ಹಾಕಿದವರಲ್ಲಿ ಎರಡು ಬಗೆ. ಅಂಗಡಿಯವರು ನಮ್ಮ ಕಾಲದವರಾಗಿಯೇ ಮಾತಾಡುತ್ತಾರೆ. ಜೆಫರ್ಸನ್, ವಾಷಿಂಗ್ಟನ್ ಮುಂತಾದ ಪಾತ್ರಧಾರಿಗಳು ಪಾತ್ರ ಬಿಟ್ಟು ಈಚೆ ಬರುವುದಿಲ್ಲ. ಫೋನಿನ ಬಗ್ಗೆ ಕೇಳಿ ಸಿಕ್ಕಿಸುವುದು ಹುಡುಗಾಟ, ಉಪಯೋಗವಿಲ್ಲ. ತೆರಿಗೆ ಎಷ್ಟು, ಸಾಲ ಎಷ್ಟು, ಮನೆಯಲ್ಲಿ ದುಡಿಯುವವರು ಯಾರು ಎಂದು ಕೇಳಿ. ಕೊನೆಯದು ಮುಖ್ಯ. ಆಗ ಆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ಜನ, ಬಹುಪಾಲು ಗುಲಾಮರು. ಆಗಿನ ಮುಖಂಡ ಪೇಟನ್ ರ‍್ಯಾಂಡಾಲ್ಫ್ ಮನೆಯೊಂದರಲ್ಲೇ 27 ಮಂದಿ ಗುಲಾಮರಿದ್ದರು. ಮುಂದಿನ ಕೋಣೆ ನೋಡಿ ತಿರುಗಿ ಬರಬೇಡಿ, ಹಿಂದಿನ ಅಡಿಗೆಮನೆಗೆ ಹೋಗಿ. ಕಪ್ಪು ಮಕ್ಕಳಿಗೆ 1760ರಿಂದ 1774ರವರೆಗೆ ಪಾಠ ನಡೆದ ಬ್ರೇ ಶಾಲೆಯ ಮೊದಲ ಕಟ್ಟಡವನ್ನು 2023ರ ಫೆಬ್ರವರಿಯಲ್ಲಿ ಇಡಿಯಾಗಿ ಎತ್ತಿ ಈ ಆವರಣಕ್ಕೆ ತಂದಿಟ್ಟಿದ್ದಾರೆ. ಪುಟ್ಟನ ವಯಸ್ಸಿನವರೇ ಅಲ್ಲಿ ಓದುತ್ತಿದ್ದದ್ದು.

ಬಾಗಿಲುಗಳಿಗೆ ತೂಗುಹಾಕುವ ಹಾರ ಚೆನ್ನಾಗಿರುತ್ತದೆ: ಸೇಬು, ಕಿತ್ತಳೆ, ಅನಾನಸ್, ಪೈನ್ ಕಾಯಿ, ಹತ್ತಿಕಾಯಿ, ಚಿಪ್ಪು. ಅಳಿಲುಗಳು ಬಂದು ಹಣ್ಣು ಕಚ್ಚಿ ಹೋಗುತ್ತವೆ. ಆದರೆ ಇದು ಆ ಕಾಲದ ಪದ್ಧತಿ ಎಂದುಕೊಳ್ಳಬೇಡಿ. ಹಣ್ಣಿನ ಹಾರ, ಕಿಟಕಿಗೊಂದು ಮೇಣದಬತ್ತಿ ಎಲ್ಲ 1930ರ ದಶಕದಿಂದ ಈಚಿನದು. ಹದಿನೆಂಟನೆಯ ಶತಮಾನದಲ್ಲಿ ಇಂಥ ಹಣ್ಣು ದುಬಾರಿ, ಬಾಗಿಲಿಗೆ ಯಾರು ಹೊಡೆಯುತ್ತಿದ್ದರು? ಕ್ರಿಸ್ಮಸ್ ಮರವೂ ಈ ಊರಿಗೆ ಬಂದದ್ದು 1842ರಲ್ಲಿ, ಒಬ್ಬ ಜರ್ಮನ್ ಪ್ರೊಫೆಸರರ ಜೊತೆ. ಕೆಲವು ಮನೆಗಳಲ್ಲಿ ಈಗಲೂ ಜನ ವಾಸವಿದ್ದಾರೆ, ಕಿಟಕಿಯಲ್ಲಿ ಇಣುಕಬೇಡಿ. ಮುಂದೆ ಬಾವುಟ ಇದ್ದರೆ ಒಳಗೆ ಹೋಗಬಹುದು.

ಊಟದ್ದೇ ತಾಪತ್ರಯ. ಟ್ಯಾವರ್ನುಗಳಿಗೆ (ಹಳೆಯ ಕಾಲದ ಮಾದರಿಯ ಊಟದ ಮನೆಗಳು) ಮೊದಲೇ ಬುಕಿಂಗ್ ಬೇಕು, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಕಿಂಗ್ಸ್ ಆರ್ಮ್ಸಿನ ಶೇಂಗಾ ಸೂಪ್ ಹೆಸರುವಾಸಿ, ಆದರೆ ಅದರ ಹಳೆಯ ಕ್ರಮದಲ್ಲಿ ಕೋಳಿ ಬೇಯಿಸಿದ ನೀರು ಹಾಕುತ್ತಾರೆ. ಸೊಪ್ಪಿನ ಪಲ್ಯದಲ್ಲೂ ಹಂದಿಮಾಂಸ ಇರಬಹುದು. ಕೇಳದೆ ಚಮಚ ಹಾಕಬೇಡಿ. ಮಧ್ಯಾಹ್ನಕ್ಕೆ ಚಪಾತಿ, ಪುಳಿಯೋಗರೆ ಕಟ್ಟಿಕೋ, ಎರಡೂ ಬಿಸಿ ಮಾಡಬೇಕಾಗಿಲ್ಲ. ಮೊಸರನ್ನ ಆ ಚಳಿಯಲ್ಲಿ ಬೇಡ.

ಮೂರನೆಯ ದಿನ ಸಿಕ್ಕರೆ ಯಾರ್ಕ್‌ಟೌನಿಗೆ ಹೋಗಿ. 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಸೈನ್ಯ ಶರಣಾದದ್ದು ಅಲ್ಲಿ. ಆತ ಮೈ ಸರಿಯಿಲ್ಲವೆಂದು ತನ್ನ ಕೈಕೆಳಗಿನವನನ್ನು ಕಳಿಸಿದ್ದ. ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನ ಅರ್ಧ ರಾಜ್ಯ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡ. ಇದಕ್ಕಾಗಿಯಾದರೂ ನಿಮ್ಮ ಮಾವನವರು ಆ ಮೈದಾನದಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಅಲ್ಲಿನ ಅಮೆರಿಕನ್ ರೆವಲ್ಯೂಷನ್ ಮ್ಯೂಸಿಯಮ್ಮಿನಲ್ಲಿ ಸೈನಿಕರ ಡೇರೆಗಳಿವೆ, ಬಂದೂಕು ಹಾರಿಸಿ ತೋರಿಸುತ್ತಾರೆ. ಸದ್ದಿಗೆ ಪುಟ್ಟ ಬೆಚ್ಚಿದರೆ ಹಿಂದಿನ ಸಾಲಿನಲ್ಲಿ ನಿಲ್ಲಿಸು. ಡಿಸೆಂಬರ್ 25 ಮತ್ತು ಜನವರಿ 1ರಂದು ಅದಕ್ಕೆ ರಜೆ.

ಅಮೆರಿಕದಲ್ಲಿ ಇಂಗ್ಲಿಷರ ಮೊದಲ ಕಾಯಂ ನೆಲೆಯಾದ ಜೇಮ್ಸ್‌ಟೌನ್ ಹೆಸರಿನಲ್ಲಿ ಎರಡು ಜಾಗಗಳಿವೆ, ಟಿಕೆಟ್ ಬೇರೆ ಬೇರೆ. ಹಿಸ್ಟಾರಿಕ್ ಜೇಮ್ಸ್‌ಟೌನ್ ಎಂದರೆ ಉತ್ಖನನ ನಡೆಯುವ ಮೂಲ ನೆಲ. ಜೇಮ್ಸ್‌ಟೌನ್ ಸೆಟಲ್‌ಮೆಂಟ್ ಎಂದರೆ ಮತ್ತೆ ಕಟ್ಟಿದ ಕೋಟೆ, ಹತ್ತಿ ಇಳಿಯಬಹುದಾದ ಹಡಗುಗಳು. ಪುಟ್ಟನಿಗೆ ಎರಡನೆಯದು. ಜಿಪಿಎಸ್‌ನಲ್ಲಿ ಪೂರ್ತಿ ಹೆಸರು ಹಾಕು. ಮೂರೂ ಊರುಗಳನ್ನು ಸೇರಿಸುವ ಕಲೋನಿಯಲ್ ಪಾರ್ಕ್‌ವೇ 23 ಮೈಲಿ, ನೋಡಲು ಸೊಗಸು, ಆದರೆ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕೂ ಇಲ್ಲ, ಕೆಲವೊಮ್ಮೆ ರಿಪೇರಿಗೆ ತುಂಡು ತುಂಡು ಮುಚ್ಚಿರುತ್ತಾರೆ. ಟ್ಯಾಂಕ್ ತುಂಬಿಸಿಕೊಂಡು ಹೊರಡಿ, ಕತ್ತಲಾಗುವ ಮೊದಲು ವಾಪಸ್ ಬನ್ನಿ. ಜಿಂಕೆಗಳು ಅಡ್ಡ ಬರುತ್ತವೆ ಎಂದು ಅಳಿಯಂದಿರಿಗೆ ಹೇಳು.

ಇಂತಿ,
ಅಮ್ಮ